ಗಾಜಿನ ಗೋಡೆ

ಮನೆಯ ಗೋಡೆ ಎರಡು ಕೆಲಸಗಳನ್ನು ಮಾಡುತ್ತದೆ. ಅದು ನಮ್ಮ ದೇಹವನ್ನು ತಡೆಯುತ್ತದೆ. ನಮ್ಮ ನೋಟವನ್ನೂ ತಡೆಯುತ್ತದೆ. ಇವೆರಡನ್ನು ಬೇರ್ಪಡಿಸಿದ ವಸ್ತು ಗಾಜು. ಗಾಜಿನ ಗೋಡೆಯು ಗಾಳಿಮಳೆಗಳನ್ನು ಹೊರಗೆ ನಿಲ್ಲಿಸಿ, ಕಣ್ಣಿಗೆ ಮಾತ್ರ ದಾರಿ ಬಿಡುತ್ತದೆ. ಆಗ ಕೋಣೆಯ ಅಳತೆ ಬದಲಾಗದಿದ್ದರೂ ಅದರ ವಿಸ್ತಾರ ಹೆಚ್ಚಿದಂತೆ ತೋರುತ್ತದೆ. ನೋಟವು ಮುಟ್ಟುವವರೆಗಿನ ಸ್ಥಳವನ್ನೆಲ್ಲ ಮನಸ್ಸು ತನ್ನದೆಂದೇ ಎಣಿಸುತ್ತದೆ.

1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಅವರು ಕಬ್ಬಿಣ ಮತ್ತು ಗಾಜುಗಳಿಂದ 'ಸ್ಫಟಿಕ ಭವನ'ವನ್ನು ನಿರ್ಮಿಸಿದರು. ಅಲ್ಲಿ ಬೆಳೆದು ನಿಂತಿದ್ದ ಎಲ್ಮ್ ಮರಗಳು ಕಟ್ಟಡದೊಳಗೇ ಉಳಿದವು. ಭಾರವನ್ನು ಕಂಬಗಳು ಹೊತ್ತರೆ ಗೋಡೆಯು ಹೊರಬೇಕಾಗಿಲ್ಲವೆಂಬುದನ್ನು ಆ ಭವನ ತೋರಿಸಿಕೊಟ್ಟಿತು. ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಗೂ ಅದೇ ಸ್ಫೂರ್ತಿ.

ಈ ತತ್ತ್ವವನ್ನು ವಾಸದ ಮನೆಗೆ ಅಳವಡಿಸಿದವರಲ್ಲಿ ಜರ್ಮನಿಯಲ್ಲಿ ಜನಿಸಿದ ವಾಸ್ತುಶಿಲ್ಪಿ ಮೀಸ್ ವಾನ್ ಡರ್ ರೋ ಪ್ರಮುಖರು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಫಾಕ್ಸ್ ನದಿಯ ಬಳಿ, ಈಡಿತ್ ಫಾರ್ನ್ಸ್‌ವರ್ತ್ ಎಂಬ ವೈದ್ಯೆಗಾಗಿ ಅವರು ರೂಪಿಸಿದ ಮನೆ 1951ರಲ್ಲಿ ಪೂರ್ಣಗೊಂಡಿತು. ಎಂಟು ಉಕ್ಕಿನ ಕಂಬಗಳು. ಅವುಗಳ ನಡುವೆ, ನೆಲದಿಂದ ಸುಮಾರು 5 ಅಡಿ ಎತ್ತರದಲ್ಲಿ, ತೇಲುವಂತೆ ಕಾಣುವ ಒಂದೇ ಕೋಣೆ. ನಾಲ್ಕು ಕಡೆಯೂ ಗಾಜು. ಒಳಗಿರುವವರಿಗೆ ಸುತ್ತಲಿನ ಮರಗಳೇ ಗೋಡೆ. ಋತುಗಳೇ ಆ ಗೋಡೆಯ ಬಣ್ಣ.

ಆದರೆ ಇರುಳಾದೊಡನೆ ಆ ಮನೆಯ ಸ್ವರೂಪವೇ ಬೇರೆ. ಒಳಗೆ ದೀಪ ಬೆಳಗಿದಾಗ ಗಾಜು ಒಳಗಿನವರಿಗೆ ಕನ್ನಡಿಯಾಗುತ್ತದೆ, ಹೊರಗಿನವರಿಗೆ ಕಿಟಕಿಯಾಗುತ್ತದೆ. ಸದಾ ಪರರ ಕಣ್ಣಿಗೆ ಬೀಳುತ್ತ ಬಾಳುವುದು ಕಷ್ಟವೆಂದು ಮನೆಯೊಡತಿ ದೂರಿದರು. ನೋಟಕ್ಕೆ ಎಲ್ಲೆ ಇಲ್ಲದ ಮನೆಯಲ್ಲಿ ಮನಸ್ಸಿಗೆ ಮರೆಯೂ ಇರಲಿಲ್ಲ.

1959ರಲ್ಲಿ ಇಂಗ್ಲೆಂಡಿನ ಪಿಲ್ಕಿಂಗ್ಟನ್ ಸಂಸ್ಥೆಯು, ಕರಗಿದ ತವರದ ಮೇಲೆ ಕರಗಿದ ಗಾಜನ್ನು ತೇಲಿಸಿ, ಉಜ್ಜದೆಯೇ ನುಣುಪಾದ ಫಲಕಗಳನ್ನು ಪಡೆಯುವ ವಿಧಾನವನ್ನು ಪ್ರಕಟಿಸಿತು. ಮುಂದೆ ಜಗತ್ತಿನ ನಗರಗಳಲ್ಲಿ ಎತ್ತರದ ಕಟ್ಟಡಗಳು ಗಾಜನ್ನೇ ಹೊದ್ದು ನಿಂತವು. ಒಳಹೊಕ್ಕ ಬಿಸಿಲಿನ ಕಾವು ಅಲ್ಲಿ ಸುಲಭವಾಗಿ ಹೊರಹೋಗದು; ಅದನ್ನು ತಣಿಸಲು ಯಂತ್ರಗಳು ದುಡಿಯಬೇಕು. ಗಾಜಿನಲ್ಲಿ ಪ್ರತಿಬಿಂಬಿಸಿದ ಆಕಾಶವನ್ನು ನಿಜವೆಂದು ನಂಬಿದ ಹಕ್ಕಿಗಳು ಅದಕ್ಕೆ ಬಡಿದು ಸಾಯುತ್ತವೆ. ಅವುಗಳನ್ನು ಎಚ್ಚರಿಸಲೆಂದು ಈಗ ಕೆಲವೆಡೆ ಗಾಜಿನ ಮೇಲೆ ಚುಕ್ಕೆಗಳನ್ನೂ ಗೆರೆಗಳನ್ನೂ ಮೂಡಿಸುತ್ತಾರೆ.

ಕಣ್ಣಿಗೆ ಇಲ್ಲವೆನಿಸುವ ಗೋಡೆ ದೇಹಕ್ಕೆ ಇದ್ದೇ ಇರುತ್ತದೆ. ಬೆಳಕಿನ ಬಯಕೆ ಮಾನವನಿಗೆ ಎಷ್ಟು ಸಹಜವೋ ನೆರಳಿನ ಬಯಕೆಯೂ ಅಷ್ಟೇ ಸಹಜ. ನೋಟವನ್ನು ಎಲ್ಲಿ ಹರಿಯಬಿಡಬೇಕು, ಎಲ್ಲಿ ತಡೆಯಬೇಕು ಎಂಬ ವಿವೇಕವಿದ್ದಾಗಲೇ ಗಾಜಿನ ಕಟ್ಟಡವು ಬಾಳಲು ತಕ್ಕ ನೆಲೆಯಾಗುತ್ತದೆ.