ಹಾಸಿಗೆಯ ನುಸಿ ಬೇರೆ, ನಾಯಿಯ ಕಜ್ಜಿ ಬೇರೆ

ಸೋಲೂರು ಹೋಬಳಿಯಂಥ ಕಡೆ ಮಗುವಿನ ಮೊಣಕೈ ಮಡಿಕೆಯಲ್ಲೂ ಸಾಕುನಾಯಿಯ ಪಂಜದಲ್ಲೂ ಒಟ್ಟಿಗೆ ತುರಿಕೆ ಕಂಡರೆ, ಎರಡನ್ನೂ ‘ಕಜ್ಜಿ’ ಎಂದು ಕರೆದು ನಾಯಿಯನ್ನು ದೂರ ಬಿಟ್ಟುಬರುವ, ಇಲ್ಲವೇ ಅದರ ಮೈಗೆ ಗ್ಯಾರೇಜಿನ ಸುಟ್ಟ ಎಣ್ಣೆ ಬಳಿಯುವ ತಪ್ಪು ನಡೆಯುತ್ತದೆ. ತೆಂಗಿನ ನುಸಿಯನ್ನು ಕಂಡ ರೈತರಿಗೆ ನುಸಿಗಳಲ್ಲಿ ಹಲವು ಜಾತಿಗಳಿವೆಯೆಂದು ಬೇರೆ ಹೇಳಬೇಕಿಲ್ಲ. ಸುಮಾರು 0.3 ಮಿಲಿಮೀಟರ್ ಉದ್ದದ ಧೂಳುನುಸಿ ಹಾಸಿಗೆ, ದಿಂಬುಗಳಲ್ಲಿದ್ದು ಉದುರಿದ ಚರ್ಮದ ಹೊಟ್ಟನ್ನು ತಿನ್ನುತ್ತದೆಯೇ ಹೊರತು ಕಚ್ಚುವುದಿಲ್ಲ. ಅದರ ಮಲದಲ್ಲಿರುವ ಪ್ರೋಟೀನುಗಳು ಒಗ್ಗದವರಲ್ಲಿ ಸೀನು, ಉಬ್ಬಸ ತರುವುದಲ್ಲದೆ ಎಕ್ಸಿಮಾವನ್ನು, ಅಂದರೆ ಚರ್ಮ ಒಣಗಿ ಕೆಂಪಾಗಿ ತುರಿಸುವ ಇಸಬನ್ನು, ಕೆರಳಿಸುತ್ತವೆ. ಅದೇ ಪ್ರೋಟೀನು ನಾಯಿಗೂ ಒಗ್ಗದಿರಬಹುದು. ಕಜ್ಜಿನುಸಿಯಾದರೋ ಚರ್ಮದೊಳಗೇ ಸುರಂಗ ಕೊರೆದು ಮೊಟ್ಟೆಯಿಡುತ್ತದೆ.

ಆದ್ದರಿಂದ ಮೊದಲ ಕೆಲಸ, ಯಾವ ನುಸಿಯೆಂದು ಗುರುತಿಸುವುದು. ಧೂಳುನುಸಿಯ ಅಲರ್ಜಿಯಿರುವ ನಾಯಿ ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ತುರಿಸಲು ತೊಡಗಿ, ಪಂಜವನ್ನು ನೆಕ್ಕಿ ನೆಕ್ಕಿ ಅಲ್ಲಿನ ಕೂದಲಿಗೆ ತುಕ್ಕಿನ ಬಣ್ಣ ಬರಿಸಿಕೊಳ್ಳುತ್ತದೆ. ಕಿವಿಯೊಳಗೂ ಕಂಕುಳಲ್ಲೂ ಉರಿಯೂತವಿರುತ್ತದೆ. ಕಜ್ಜಿಯಲ್ಲಿ ಕಿವಿಯ ಅಂಚು, ಮೊಣಕೈ, ಹೊಟ್ಟೆಯ ಭಾಗಗಳಲ್ಲಿ ಕೂದಲುದುರಿ ಹಕ್ಕಳೆ ಕಟ್ಟುತ್ತದೆ ಮತ್ತು ಕಿವಿಯ ಅಂಚನ್ನು ಬೆರಳಲ್ಲಿ ಉಜ್ಜಿದೊಡನೆ ಅನೇಕ ನಾಯಿಗಳ ಹಿಂಗಾಲು ತಾನಾಗಿ ಕೆರೆಯಲು ಹೋಗುತ್ತದೆ. ಪಶುವೈದ್ಯರು ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರಾದರೂ ಕಜ್ಜಿನುಸಿ ಎಷ್ಟೋ ಸಲ ಆ ಮಾದರಿಗೆ ಸಿಕ್ಕುವುದೇ ಇಲ್ಲ. ಒಂದು ಸಲ ಕಾಣದಿದ್ದ ಮಾತ್ರಕ್ಕೆ ಕಜ್ಜಿಯಿಲ್ಲವೆಂದು ಮನೆಗೆ ಮರಳುವುದು ಸರಿಯಲ್ಲ. ನಾಯಿಯ ಕಜ್ಜಿನುಸಿ ಮನುಷ್ಯರ ಮೇಲೆ ಕೆಂಪು ಗುಳ್ಳೆಯೆಬ್ಬಿಸಿದರೂ ಅಲ್ಲಿ ಸಂತಾನ ಬೆಳೆಸಲಾರದು, ನಾಯಿಗೆ ಚಿಕಿತ್ಸೆಯಾದರೆ ಕೆಲವು ವಾರಗಳಲ್ಲಿ ಆ ಗುಳ್ಳೆ ತಾನೇ ಅಡಗುತ್ತದೆ. ಬೆರಳ ಸಂದಿನಲ್ಲಿ ಬಂದು ರಾತ್ರಿ ನವೆಯೇರುವ ಕಜ್ಜಿ ಮನುಷ್ಯರಿಂದ ಮನುಷ್ಯರಿಗೆ ಹರಡುವ ಬೇರೆಯದೇ ತಳಿ. ಅದಕ್ಕೆ ಮನೆಮಂದಿಯೆಲ್ಲ ಒಟ್ಟಿಗೆ ಮದ್ದು ಹಚ್ಚಬೇಕು.

ಸುಟ್ಟ ಎಣ್ಣೆಯ ವಿಚಾರವನ್ನು ಎಷ್ಟು ಸಲ ಹೇಳಿದರೂ ಹೆಚ್ಚಲ್ಲ. ಅದು ಗಾಯಗೊಂಡ ಚರ್ಮದ ಮೂಲಕ ಇಳಿಯುವುದರ ಜೊತೆಗೆ ನಾಯಿ ನೆಕ್ಕಿದಾಗ ಹೊಟ್ಟೆಗೂ ಸೇರಿ ಯಕೃತ್ತಿಗೂ ಮೂತ್ರಪಿಂಡಕ್ಕೂ ಕೇಡು ಮಾಡುತ್ತದೆ. ಸೀಮೆಎಣ್ಣೆಯೂ ಇದಕ್ಕಿಂತ ಒಳ್ಳೆಯದಲ್ಲ. ಕುರಿಗೆಂದು ತಂದ ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ಅಂದಾಜಿನಲ್ಲಿ ನಾಯಿಗೆ ಕೊಡುವುದು ಇನ್ನೊಂದು ಅಪಾಯ, ಏಕೆಂದರೆ ಕೋಲಿಯಂಥ ಕೆಲವು ತಳಿಗಳಿಗೆ ಅದು ಪ್ರಾಣಾಂತಿಕವಾಗಬಲ್ಲದು.

ಧೂಳುನುಸಿಯೆಂದು ಖಚಿತವಾದರೆ ಕೆಲಸ ಹಾಸಿಗೆಯಿಂದ ಆರಂಭವಾಗಬೇಕು. ಈ ಜೀವಿ ನೀರು ಕುಡಿಯದೆ ಗಾಳಿಯ ತೇವವನ್ನೇ ಹೀರುವುದರಿಂದ, ಕೋಣೆಯ ತೇವಾಂಶ ಬಹುಕಾಲ ಶೇ. 50ಕ್ಕಿಂತ ಕೆಳಗಿದ್ದರೆ ಬದುಕಲಾರದು. ಮಳೆಗಾಲದಲ್ಲಿ ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಒಣಹಾಕಬಾರದು. ಹೊದಿಕೆ, ದಿಂಬಿನ ಚೀಲ ಮತ್ತು ನಾಯಿಯ ಹಾಸುಬಟ್ಟೆಗಳನ್ನು ವಾರಕ್ಕೊಮ್ಮೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಗೆಯಬೇಕು. ಕುದಿಯುವ ನೀರಿಗೆ ಅಷ್ಟೇ ತಣ್ಣೀರು ಬೆರೆಸಿದರೆ ಹೆಚ್ಚುಕಡಿಮೆ ಈ ಶಾಖ ಬರುತ್ತದೆ, ಆದರೆ ಕೈ ಹಾಕದೆ ಕೋಲಿನಿಂದಲೇ ತಿರುವಬೇಕು. ಕಂಬಳಿಯನ್ನು ಬಿಸಿಲಿಗೆ ಹಾಕಿದರೆ ಸಾಕೆಂಬ ನಂಬಿಕೆ ಅರ್ಧ ಸತ್ಯ. ನುಸಿ ಸತ್ತರೂ ಮಲ ಉಳಿಯುವುದರಿಂದ, ಕಂಬಳಿಯನ್ನು ಅಂಗಳದಾಚೆ ಒಯ್ದು, ಅಲರ್ಜಿಯಿಲ್ಲದವರು ಬಡಿದು ಕೊಡವಬೇಕು. ನಾಯಿ ಮಲಗುವ ಹಳೆಯ ಗೋಣಿಚೀಲವನ್ನು ಎಸೆಯುವುದೇ ಲೇಸು.

ನುಸಿ ಕೊಲ್ಲಲೆಂದು ಕೀಟನಾಶಕ ಸಿಂಪಡಿಸುವವರು ಪಕ್ಕದ ರೇಷ್ಮೆ ಹುಳು ಮನೆಯನ್ನು ಮರೆಯಬಾರದು, ಒಂದು ಸಿಂಪಡಣೆಗೆ ಇಡೀ ಚಾಕಿ, ಅಂದರೆ ಎಳೆಯ ಹುಳುಗಳ ತಂಡ, ನಾಶವಾಗಬಹುದು. ಅಲರ್ಜಿಯ ನಾಯಿಗೆ ಮನುಷ್ಯರ ಸೋಪು ಬೇಡ, ನಾಯಿಯದೇ ಶಾಂಪೂವಿನಿಂದ ಉಗುರುಬೆಚ್ಚಗಿನ ನೀರಿನಲ್ಲಿ ವಾರಕ್ಕೊಂದು ಸ್ನಾನ ಸಾಕು. ಮಗುವಿಗೆ ಸ್ನಾನವಾದೊಡನೆ, ಮೈ ಪೂರ್ತಿ ಆರುವ ಮೊದಲೇ, ಚರ್ಮ ಒಣಗದಂತೆ ತಡೆಯುವ ಮುಲಾಮು ಹಚ್ಚಬೇಕು. ಔಷಧ ಅಂಗಡಿಯಲ್ಲಿ ಕೇಳಿ ತರುವ ಸ್ಟೆರಾಯ್ಡ್ ಮಿಶ್ರಿತ ಮುಲಾಮು ಕಜ್ಜಿಯನ್ನು ಮರೆಮಾಚಿ ಹರಡಿಸುತ್ತದೆ. ಹೋಬಳಿಯ ವೈದ್ಯರಿಂದ ಗುಣವಾಗದಿದ್ದರೆ ಮನುಷ್ಯರಿಗೆ ಬೆಂಗಳೂರಿನ ವಿಕ್ಟೋರಿಯಾ ಅಥವಾ ಬೌರಿಂಗ್ ಆಸ್ಪತ್ರೆಯ ಚರ್ಮರೋಗ ವಿಭಾಗ, ನಾಯಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇವೆ. ಅಲರ್ಜಿಯ ಚುಚ್ಚು ಪರೀಕ್ಷೆಗೆ ಹೋಗುವವರು ತುರಿಕೆಯ ಮಾತ್ರೆಯನ್ನು ವೈದ್ಯರನ್ನು ಕೇಳಿ ಸುಮಾರು ಒಂದು ವಾರ ಮೊದಲೇ ನಿಲ್ಲಿಸಿರಬೇಕು.