ಗುಡಿಯ ರಹಸ್ಯ, ಕಂಬದ ಲೆಕ್ಕ: ಸಾಲೋಟಗಿ ಶಾಸನದ ಮರು ಓದು

1

ಕೃಷ್ಣೆಯ ಬಡಗಣ ಮಗ್ಗುಲಿನ ಗೊಳಸಂಗಿಯಿಂದ ಹೊರಟು ಬಸವನ ಬಾಗೇವಾಡಿ, ಸಿಂದಗಿ, ಇಂಡಿಗಳನ್ನು ಹಾದು ಭೀಮೆಯ ದಂಡೆಯನ್ನು ಮುಟ್ಟುವವರೆಗಿನ ಎರೆಭೂಮಿಯ ಬಹುಭಾಗವನ್ನು ನಮ್ಮ ಶಾಸನಗಳು ತರ್ದವಾಡಿ ಸಾಸಿರವೆಂದು ಕರೆದಿವೆ. ಕಲ್ಯಾಣ ಚಾಲುಕ್ಯ ಮನೆತನವನ್ನು ಮತ್ತೆ ನಿಲ್ಲಿಸಿದ ಇಮ್ಮಡಿ ತೈಲಪನು ರಾಷ್ಟ್ರಕೂಟ ಮೂರನೆಯ ಕೃಷ್ಣನ ಅಧೀನನಾಗಿ ಈ ನಾಡನ್ನು ಆಳುತ್ತಿದ್ದನೆಂಬುದು ಬಾಗೇವಾಡಿ ಸೀಮೆಯ ನರಸಲಗಿಯ ಕ್ರಿ.ಶ. 965ರ ಶಾಸನದಿಂದ ತಿಳಿಯುತ್ತದೆ. ಬಸವಣ್ಣನವರ ತಂದೆ ಮಾದಿರಾಜನನ್ನು ತರ್ದವಾಡಿಯ ಬಾಗವಾಡಿಯೊಂದಿಗೆ ಸಂಬಂಧಿಸಿ ಹೇಳುವ 1260ರ ಅರ್ಜುನವಾಡ ಶಾಸನವು ವಿದ್ವಾಂಸರಿಗೆ ಸುಪರಿಚಿತವಾದುದು. ಇಷ್ಟೊಂದು ಲಿಖಿತ ಆಧಾರವುಳ್ಳ ಸೀಮೆಯಲ್ಲಿಯೂ ದೇವಾಲಯಗಳನ್ನು ಕುರಿತ ಮಾತು ಬಂದೊಡನೆ ಮೊದಲು ಕೇಳಿಸುವ ಶಬ್ದ ‘ರಹಸ್ಯ’ ಎಂಬುದು ಸೋಜಿಗದ ಸಂಗತಿ. ಗರ್ಭಗುಡಿಯ ಅಡಿಯಿಂದ ಕಾಶಿಯವರೆಗೆ ಸುರಂಗವಿದೆ. ಗುಡಿಯು ಒಂದೇ ರಾತ್ರಿಯಲ್ಲಿ ಎದ್ದು ನಿಂತಿತು. ಈ ಕಂಬವನ್ನು ಮನುಷ್ಯರಾದವರು ಕಡೆದಿರಲಾರರು. ಇಂಥ ಕಥನಗಳು ನಾಡಿನ ಎಲ್ಲೆಡೆ ಹಬ್ಬಿವೆ. ಈಚಿನ ದಶಕಗಳಲ್ಲಿ ಇವುಗಳಿಗೆ ವಿಜ್ಞಾನದ ಪರಿಭಾಷೆಯ ಹೊದಿಕೆಯೂ ದೊರೆತು, ಪರಂಪರೆಯ ಬಗೆಗಿನ ಅಭಿಮಾನಕ್ಕೆ ಇವೇ ಆಧಾರವೆಂಬಂತೆ ತರಗತಿಗಳಲ್ಲಿಯೂ ಪ್ರಸ್ತಾಪಗೊಳ್ಳುತ್ತಿವೆ.

ಜನಪದರ ಕಥನವನ್ನು ಹಳಿಯುವುದು ಈ ಲೇಖನದ ಉದ್ದೇಶವಲ್ಲ. ಸುರಂಗದ ಕಥೆಯು ತನ್ನೂರಿನ ದೇವರನ್ನು ಕಾಶಿಯೊಂದಿಗೆ ಬೆಸೆಯುವ ಒಂದು ಭಾವಭೂಗೋಲ. ಅದನ್ನು ಜಾನಪದ ಅಧ್ಯಯನದ ನೆಲೆಯಲ್ಲಿ ಗಂಭೀರವಾಗಿಯೇ ಪರಿಶೀಲಿಸಬೇಕು. ಇಂಡಿ ಸೀಮೆಯ ಹಲಸಂಗಿಯ ಗೆಳೆಯರು ಹಾಡು ಕಥೆಗಳನ್ನು ಆಯ್ದಿಟ್ಟ ಶ್ರಮವನ್ನು ಬಲ್ಲ ಯಾರೂ ಈ ಬಗೆಯ ಸಾಮಗ್ರಿಯನ್ನು ಹಗುರಾಗಿ ಕಾಣಲಾರರು. ತೊಡಕು ಬರುವುದು ಕಥನವನ್ನು ಚರಿತ್ರೆಯ ಸ್ಥಾನದಲ್ಲಿ ಕೂರಿಸಿದಾಗ. ಉತ್ತರ ಕರ್ನಾಟಕದಲ್ಲಿ ಹಳೆಯ ಕಲ್ಲಿನ ಗುಡಿಯೆಂದರೆ ಅದು ಜಕಣಾಚಾರಿಯದು. ಗಡಿಯಾಚೆಯ ಮರಾಠಿ ಸೀಮೆಯಲ್ಲಿ ಅದೇ ಬಗೆಯ ಗುಡಿ ‘ಹೇಮಾಡಪಂತಿ’. ಸೇವುಣರ ಮಂತ್ರಿಯಾಗಿದ್ದ ಹೇಮಾದ್ರಿಯ ಹೆಸರು ಅವನಿಗಿಂತ ನೂರಿನ್ನೂರು ವರ್ಷ ಹಿಂದಿನ ಕಟ್ಟಡಗಳಿಗೂ ಅಂಟಿಕೊಂಡಿದೆ. ಇಂಥ ಒಂದು ದೊಡ್ಡ ಹೆಸರಿನ ನೆರಳಿನಲ್ಲಿ, ಶಾಸನಗಳು ಸ್ಪಷ್ಟವಾಗಿ ಹೆಸರಿಸಿರುವ ಕಟ್ಟಿಸಿದವರು, ಕೊಟ್ಟವರು, ಕಲಿಸಿದವರು ಮರೆಯಾಗಿಬಿಡುತ್ತಾರೆ. ರಹಸ್ಯದ ಮಾತು ಚರಿತ್ರೆಗೆ ಮಾಡುವ ನಷ್ಟ ಇದು. ಪ್ರಸ್ತುತ ಲೇಖನವು ಇಂಡಿ ತಾಲ್ಲೂಕಿನ ಸಾಲೋಟಗಿಯ ಕಂಬಶಾಸನವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದುವ ಪ್ರಯತ್ನ.

2

ಸಾಲೋಟಗಿ ಶಾಸನವು ಹೊಸ ಶೋಧವೇನಲ್ಲ. ‘ಎಪಿಗ್ರಾಫಿಯಾ ಇಂಡಿಕಾ’ದ ನಾಲ್ಕನೆಯ ಸಂಪುಟದಲ್ಲಿ ಅದು ಪ್ರಕಟವಾಗಿ ಶತಮಾನಕ್ಕೂ ಮೇಲಾಯಿತು. ರಾಷ್ಟ್ರಕೂಟರನ್ನು ಕುರಿತ ತಮ್ಮ ಗ್ರಂಥದಲ್ಲಿ ಅ.ಸ. ಅಳ್ತೇಕರರು ಅದನ್ನು ವಿವರವಾಗಿ ಬಳಸಿಕೊಂಡರು. ಪ್ರಾಚೀನ ಶಿಕ್ಷಣದ ಚರ್ಚೆಗಳಲ್ಲಿ ಅದರ ಹೆಸರು ತಪ್ಪದೆ ಬರುತ್ತದೆ. ಆದರೆ ಬರುವುದು ಬಹುಮಟ್ಟಿಗೆ ಒಂದು ವಾಕ್ಯದಲ್ಲಿ, ಪಟ್ಟಿಯ ಒಂದು ಘಟಕವಾಗಿ. ಆ ಕಂಬದ ಒಳವಿವರಗಳಿಗೆ ಅಷ್ಟು ಸಾಲದು.

ಶಾಸನದ ಕಾಲ ಶಕ 867, ಭಾದ್ರಪದ ಅಮಾವಾಸ್ಯೆ, ಮಂಗಳವಾರ, ಸೂರ್ಯಗ್ರಹಣ. ಇದು ಕ್ರಿ.ಶ. 945ರ ಸಪ್ಟೆಂಬರ್ 9ಕ್ಕೆ ಸರಿಹೊಂದುತ್ತದೆ. ಆ ದಿನ ಮಂಗಳವಾರವೇ ಆಗಿತ್ತೆಂಬುದನ್ನು ಯಾರು ಬೇಕಾದರೂ ಗಣಿಸಿ ನೋಡಬಹುದು. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಕಲ್ಲಿನಲ್ಲಿ ಕೊರೆದ ಒಂದು ದಿನವನ್ನು ಇಂದು ಕಾಗದದ ಮೇಲೆ ಕೂಡಿ ಕಳೆದು ದೃಢಪಡಿಸಿಕೊಳ್ಳಲು ಸಾಧ್ಯವಿದೆ ಎಂಬುದಕ್ಕಿಂತ ರೋಮಾಂಚಕವಾದ ವಿಸ್ಮಯ ಯಾವ ಸುರಂಗದಲ್ಲಿದೆಯೋ ಈ ಲೇಖಕನಿಗೆ ತಿಳಿಯದು.

ಮಾನ್ಯಖೇಟದಲ್ಲಿ ಮೂರನೆಯ ಕೃಷ್ಣನು ಆಳುತ್ತಿದ್ದ ಕಾಲ. ಅವನ ಮಂತ್ರಿ, ಗಜಾಂಕುಶನೆಂಬ ಬಿರುದಿನ ನಾರಾಯಣನು ಪಾವಿಟ್ಟಗೆ ಎಂಬ ಗ್ರಾಮದಲ್ಲಿ ಒಂದು ಶಾಲೆಯನ್ನು ಕಟ್ಟಿಸಿ ಅಲ್ಲಿ ತ್ರೈಪುರುಷರನ್ನು, ಅಂದರೆ ಬ್ರಹ್ಮ ವಿಷ್ಣು ಮಹೇಶ್ವರರನ್ನು, ಪ್ರತಿಷ್ಠಾಪಿಸಿದನು. ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬಂದು ನೆಲೆಸುತ್ತಿದ್ದರು. ಆ ಗ್ರಾಮದ ಒಡೆಯನಾದ ಚಕ್ರಾಯುಧನು ಶಾಲೆಗೆ ದಾನವನ್ನು ಕೊಟ್ಟನು. ಶಾಸನದ ಜೀವಾಳವಿರುವುದು ಈ ದಾನದ ವಿವರದಲ್ಲಿ. ಶಾಲೆಯ ನಿರ್ವಹಣೆಗೆ 500 ನಿವರ್ತನ ಭೂಮಿ. ವಿದ್ಯಾರ್ಥಿಗಳ ವಾಸಕ್ಕೆ 27 ನಿವೇಶನಗಳು. ಹೂದೋಟಕ್ಕೆ 4 ನಿವರ್ತನ. ದೀಪಕ್ಕೆ 12 ನಿವರ್ತನ. ಉಪಾಧ್ಯಾಯನಿಗೆ 50 ನಿವರ್ತನ. (ನಿವರ್ತನದ ಅಳತೆಯು ಕಾಲದಿಂದ ಕಾಲಕ್ಕೆ, ನಾಡಿನಿಂದ ನಾಡಿಗೆ ಬೇರೆಯಾಗುತ್ತಿದ್ದುದರಿಂದ ಇದನ್ನು ಎಕರೆಗಳಿಗೆ ತಿರುಗಿಸಿ ಬೆರಗುಪಡುವ ರೂಢಿಯನ್ನು ಇಲ್ಲಿ ಅನುಸರಿಸಿಲ್ಲ. ಪರಸ್ಪರ ಪ್ರಮಾಣವೇ ಸಾಕಷ್ಟು ಮಾತನಾಡುತ್ತದೆ.) ಉಪಾಧ್ಯಾಯನ ಪಾಲು ಹೂದೋಟಕ್ಕಿಂತ ಹನ್ನೆರಡೂವರೆ ಪಟ್ಟು. ದೇವರ ಹೂವಿಗೂ ಗುರುವಿನ ಅನ್ನಕ್ಕೂ ನಡುವಣ ಈ ಪ್ರಮಾಣವನ್ನು ನಿರ್ಧರಿಸಿದವರು ಶಾಲೆಯನ್ನು ನಡೆಸುವುದೆಂದರೇನು ಎಂಬುದನ್ನು ಅರಿತವರಾಗಿದ್ದರು.

ಇನ್ನೂ ಗಮನಾರ್ಹವಾದುದು ಊರಿನವರ ಮೇಲೆ ಗೊತ್ತುಮಾಡಿದ ಕಾಣಿಕೆ. ಮದುವೆಯಾದರೆ 5 ‘ಪುಷ್ಪ’, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಅದರ ಅರ್ಧ. ಇಲ್ಲಿ ಪುಷ್ಪವೆಂದರೆ ಹೂವಲ್ಲ, ನಾಣ್ಯ. ಬ್ರಾಹ್ಮಣ ಭೋಜನವನ್ನು ಏರ್ಪಡಿಸಿದವರು ಶಾಲೆಯವರಿಗೂ ಶಕ್ತ್ಯನುಸಾರ ಉಣಬಡಿಸಬೇಕು. ರಾಜಧಾನಿಯ ಮಂತ್ರಿ ಕಟ್ಟಿಸಿದ ಸಂಸ್ಥೆಯ ಉಳಿವನ್ನು ರಾಜನ ಬೊಕ್ಕಸಕ್ಕೆ ಬಿಡದೆ, ಊರಿನ ಮನೆಗಳ ಶುಭಕಾರ್ಯಗಳಿಗೆ ಕಟ್ಟಿಹಾಕಿದ ಜಾಣ್ಮೆ ಇದು. ಭೂಮಿಯ ಫಲ ಮಳೆಯನ್ನು ಅವಲಂಬಿಸಿದ್ದು, ಅದರಲ್ಲಿಯೂ ಈ ಸೀಮೆಯ ಮಳೆ ನಂಬಿಕೆಗೆ ಅರ್ಹವಾದುದಲ್ಲ. ಮದುವೆ ಮುಂಜಿಗಳು ಮಾತ್ರ ತಪ್ಪದೆ ನಡೆಯುತ್ತವೆ. ಮೂರು ಸಂಸ್ಕಾರಗಳಿಗೆ ಒಂದಕ್ಕೊಂದು ಅರ್ಧದಂತೆ ಇಳಿಯುವ ದರವನ್ನು ನಿಗದಿಪಡಿಸಿರುವುದರಲ್ಲಿ ಮನೆಯ ಖರ್ಚಿನ ಗಾತ್ರವನ್ನು ನೋಡಿ ಕಾಣಿಕೆಯನ್ನು ಕೇಳುವ ವಿವೇಕವೂ ಇದೆ.

ದೇವಾಲಯವನ್ನು ಮುಚ್ಚಿಟ್ಟ ಜ್ಞಾನದ ಭಂಡಾರವೆಂದು ಬಣ್ಣಿಸುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕಾಗುತ್ತದೆ. ಶಾಸನದ ಸ್ವಭಾವವೇ ಪ್ರಕಟಣೆ. ಯಾರು ಕೊಟ್ಟರು, ಎಷ್ಟು ಕೊಟ್ಟರು, ಯಾವುದಕ್ಕೆ ಕೊಟ್ಟರು ಎಂಬುದನ್ನು ಎಲ್ಲರ ಕಣ್ಣಿಗೆ ಬೀಳುವಂತೆ ನಿಲ್ಲಿಸಿ, ಅಳಿಸಿದವನಿಗೆ ಪಾಪವನ್ನು ವಿಧಿಸುವ ಬರಹಕ್ಕೆ ಶಾಸನವೆಂದು ಹೆಸರು. ಮುಚ್ಚಿಡುವ ಇಚ್ಛೆಯುಳ್ಳ ಸಂಸ್ಥೆ ತನ್ನ ಲೆಕ್ಕವನ್ನು ಕಂಬದ ಮೇಲೆ ಕೊರೆಸುವುದಿಲ್ಲ.

3

ಕನ್ನಡ ಅಧ್ಯಾಪಕರಿಗೆ ಈ ಶಾಸನದಲ್ಲಿ ಬೇರೆ ಎರಡು ಆಕರ್ಷಣೆಗಳಿವೆ. ಮೊದಲನೆಯದು ಊರಿನ ಹೆಸರು. ಸಾಲೋಟಗಿ ಎಂಬುದು ‘ಶಾಲೆ’ ಮತ್ತು ‘ಪಾವಿಟ್ಟಗೆ’ ಕೂಡಿ ಆದುದೆಂಬ ನಿಷ್ಪತ್ತಿಯನ್ನು ವಿದ್ವಾಂಸರು ಒಪ್ಪಿದ್ದಾರೆ. ಭಾಷಿಕವಾಗಿ ಇದರ ಹೆಜ್ಜೆಗಳನ್ನು ಗುರುತಿಸುವುದು ಕಷ್ಟವಲ್ಲ. ಶಾಲೆಯು ಸಾಲೆಯಾಗುವುದು ತದ್ಭವದ ಸಾಮಾನ್ಯ ಪ್ರಕ್ರಿಯೆ. ಈ ಭಾಗದ ಆಡುನುಡಿಯಲ್ಲಿ ಮಕ್ಕಳು ಇಂದಿಗೂ ಹೋಗುವುದು ‘ಸಾಲಿ’ಗೆ. ಸಮಾಸದ ನಡುವೆ ಬಂದ ಪಕಾರವು ಸವೆದು, ಸ್ವರಗಳು ಒಂದರೊಳಗೊಂದು ಸೇರಿ ಓಕಾರವುಳಿಯಿತು. ಕೊನೆಯ ಎಕಾರವು ಇಕಾರವಾಗುವುದು ಮನೆ ಮನಿಯಾಗುವ, ಹೊರೆ ಹೊರಿಯಾಗುವ ಉತ್ತರ ಕರ್ನಾಟಕದ ಉಪಭಾಷೆಯ ಲಕ್ಷಣ. ಶಾಲೆಯ ಕಟ್ಟಡ ಹೋಯಿತು, ಅದರ ಭೂಮಿ ಯಾರು ಯಾರದೋ ಆಯಿತು, ಪಾಠ ನಿಂತುಹೋಯಿತು. ನಾಲಗೆಯ ಮೇಲೆ ಮಾತ್ರ ಅದು ಉಳಿಯಿತು. ಬಸ್ಸಿನ ಫಲಕದಲ್ಲಿ ಸಾಲೋಟಗಿ ಎಂದು ಓದುವ ಹುಡುಗನಿಗೆ ತಾನು ಒಂದು ಹಳೆಯ ವಿದ್ಯಾಸಂಸ್ಥೆಯ ಹೆಸರನ್ನು ಉಚ್ಚರಿಸುತ್ತಿದ್ದೇನೆಂಬುದು ತಿಳಿದಿರುವುದಿಲ್ಲ. ರಹಸ್ಯವೆಂಬ ಮಾತನ್ನು ಬಳಸಲೇಬೇಕಿದ್ದರೆ ಇಂಥದಕ್ಕೆ ಬಳಸಬಹುದು.

ಎರಡನೆಯದು ಭಾಷೆಗಳ ಹಂಚಿಕೆ. ಕಂಬದ ಮೇಲಿನ ಮುಖ್ಯ ಶಾಸನ ಸಂಸ್ಕೃತದ್ದು. ಅದೇ ಕಂಬದಲ್ಲಿ ಕನ್ನಡದ ಬರಹವೂ ಇದ್ದು, ಅದರಲ್ಲಿ ಸೇಳಾರ ಮನೆತನದ ಕಂಚಿಗನ ಹೆಸರು ಬರುತ್ತದೆ. ಪೊನ್ನನಿಗೆ ‘ಉಭಯಕವಿಚಕ್ರವರ್ತಿ’ ಎಂಬ ಬಿರುದನ್ನಿತ್ತವನು ಇದೇ ಮೂರನೆಯ ಕೃಷ್ಣ. ಆಸ್ಥಾನದಲ್ಲಿ ಎರಡು ನುಡಿಗಳ ಪಾಂಡಿತ್ಯ ಮನ್ನಣೆ ಪಡೆದ ಕಾಲದಲ್ಲಿಯೇ ಪಾವಿಟ್ಟಗೆಯ ಕಂಬವೂ ಎರಡು ನುಡಿಗಳನ್ನು ಹೊತ್ತು ನಿಂತಿದೆ. ನಾನಾ ಜನಪದಗಳಿಂದ ಬಂದವರಿಗೆ ಸಂಸ್ಕೃತ, ನೆಲದವರಿಗೆ ಕನ್ನಡ ಎಂಬ ಸರಳ ವಿಭಜನೆಯನ್ನು ಇಲ್ಲಿ ಸೂಚಿಸುವ ಆಸೆಯಾಗುತ್ತದೆ. ಆದರೆ ಬೇರೆ ಬೇರೆ ಸಂದರ್ಭಗಳಲ್ಲಿ ಹುಟ್ಟಿದ ಬರಹಗಳು ಒಂದೇ ಕಲ್ಲಿನ ಮೇಲೆ ಕಾಣಿಸಿಕೊಂಡಿರುವುದರಿಂದ ಅಷ್ಟು ದೂರ ಹೋಗುವುದು ಸಾಧುವಲ್ಲ. ಎಂ. ಚಿದಾನಂದಮೂರ್ತಿಯವರು ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ತೋರಿಸಿಕೊಟ್ಟ ಮಾರ್ಗ, ಅಂದರೆ ಶಾಸನದ ಚಿಕ್ಕ ಶಬ್ದಗಳಿಂದ ಬದುಕನ್ನು ಕಟ್ಟಿಕೊಳ್ಳುವ ಮಾರ್ಗವೇ, ಇಲ್ಲಿ ಸುರಕ್ಷಿತ.

4

ಅಭಿಮಾನದ ಪ್ರಶ್ನೆಗೆ ಈಗ ಬರಬಹುದು. ಸಾಲೋಟಗಿಯ ಶಾಲೆ ಒಂಟಿಯಲ್ಲ. ಚಿತ್ತಾಪುರ ಸೀಮೆಯ ನಾಗಾವಿಯ ಘಟಿಕಾಸ್ಥಾನದಲ್ಲಿ, 1058ರ ಶಾಸನದ ಪ್ರಕಾರ, ವೇದಾಧ್ಯಯನದ 200 ಮತ್ತು ಶಾಸ್ತ್ರಾಧ್ಯಯನದ 52 ವಿದ್ಯಾರ್ಥಿಗಳಿದ್ದರು; ಉಪಾಧ್ಯಾಯರಲ್ಲದೆ ಸರಸ್ವತೀ ಭಂಡಾರಿಗರೆಂಬ ಗ್ರಂಥಪಾಲಕರೂ ಆರು ಮಂದಿ ಇದ್ದರು. 12ನೆಯ ಶತಮಾನದ ಮನಗೂಳಿಯಲ್ಲಿ ಕೌಮಾರ ವ್ಯಾಕರಣವನ್ನು ಬೋಧಿಸುವವನಿಗೆ ಭೂಮಿ ಬಿಟ್ಟಿದ್ದರು. ಮನಗೂಳಿಯು ಬಾಗೇವಾಡಿಯ ಮಗ್ಗುಲ ಊರು. ಅಲ್ಲಿನ ಶಾಸನದಲ್ಲಿ ಬರುವ ಬಸವನನ್ನು ಫ್ಲೀಟರು ಬಸವೇಶ್ವರರೆಂದೇ ಗುರುತಿಸಿದ್ದರು. ಆ ಗುರುತನ್ನು ಎಲ್ಲರೂ ಒಪ್ಪಲಿಲ್ಲ.

ಇಷ್ಟನ್ನೂ ಹೇಳಿ ಹೆಮ್ಮೆಪಟ್ಟು ಮುಗಿಸಿಬಿಡುವುದು ನಮ್ಮಲ್ಲಿ ರೂಢಿ. ಆದರೆ ಲೆಕ್ಕವೆಂದ ಮೇಲೆ ಅದರ ಎರಡೂ ಬದಿಗಳನ್ನು ಓದಬೇಕು. ಮದುವೆಗೆ ಐದು ಪುಷ್ಪ, ಉಪನಯನಕ್ಕೆ ಅರ್ಧ ಎಂಬ ನಿಯಮವೇ ಈ ಶಾಲೆ ಯಾರದೆಂಬುದನ್ನು ಹೇಳಿಬಿಡುತ್ತದೆ. ಉಪನಯನವಿಲ್ಲದವರ ಮಕ್ಕಳಿಗೆ ಆ 27 ನಿವೇಶನಗಳಲ್ಲಿ ಎಡೆಯಿದ್ದಿತೆಂದು ಶಾಸನದಿಂದ ಊಹಿಸಲಾಗದು. 500 ನಿವರ್ತನವನ್ನು ಉತ್ತವರು, ಹೂದೋಟಕ್ಕೆ ನೀರೆರೆದವರು, ಆ ಕಂಬವನ್ನೇ ಕಡೆದವರು ಈ ದಾನದ ಪಟ್ಟಿಯೊಳಗೆ ಬರುವುದಿಲ್ಲ. ಹೆಣ್ಣುಮಕ್ಕಳ ಮಾತಂತೂ ಇಲ್ಲವೇ ಇಲ್ಲ. ಎರಡು ಶತಮಾನಗಳ ತರುವಾಯ ಇದೇ ನಾಡಿನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಸ್ಥಾವರವನ್ನು ಪ್ರಶ್ನಿಸಿ ಜಂಗಮವನ್ನು ಎತ್ತಿಹಿಡಿದರು. ಅವರು ಉಪನಯನವನ್ನು ನಿರಾಕರಿಸಿ ಮನೆಬಿಟ್ಟು ಕೂಡಲಸಂಗಮಕ್ಕೆ ಹೋದರೆಂಬುದು ಚರಿತ್ರಕಾವ್ಯಗಳು ಕಟ್ಟಿಕೊಟ್ಟಿರುವ ಚಿತ್ರ. ವಿದ್ಯೆಯ ಬಾಗಿಲಿನಲ್ಲಿ ಜನಿವಾರವು ಕೀಲಿಕೈಯಾಗಿದ್ದ ವ್ಯವಸ್ಥೆಯ ಹಿನ್ನೆಲೆಯಲ್ಲಿ ನೋಡಿದಾಗ ಆ ನಿರಾಕರಣೆಯ ತೂಕ ಹೆಚ್ಚಾಗಿ ಕಾಣುತ್ತದೆ. ಸಾಲೋಟಗಿಯ ಕಂಬವನ್ನೂ ವಚನಗಳನ್ನೂ ಬೇರೆ ಬೇರೆ ಪತ್ರಿಕೆಗಳಾಗಿ ಪಾಠ ಮಾಡುವ ನಮ್ಮ ಪಠ್ಯಕ್ರಮದಲ್ಲಿ ಈ ಸಂಬಂಧ ಮಸುಕಾಗಿದೆ.

ಹಾಗೆಂದು ದೇವಾಲಯ ಮಠಗಳೆಲ್ಲ ಒಂದೇ ಅಚ್ಚಿನವಾಗಿದ್ದುವೆಂದು ಭಾವಿಸಬೇಕಾಗಿಲ್ಲ. ಬಿಜ್ಜಳನ ಕಾಲದ 1162ರ ಬಳ್ಳಿಗಾವೆಯ ಶಾಸನವು ಕೋಡಿಯಮಠವನ್ನು ವ್ಯಾಕರಣ ದರ್ಶನಗಳ ಪಾಠದ ಸ್ಥಾನವೆಂದು ಹೇಳುವುದರೊಂದಿಗೆ, ದೀನರಿಗೂ ಕುರುಡ ಕಿವುಡರಿಗೂ ಅನ್ನವಿಕ್ಕುವ, ರೋಗಿಗಳಿಗೆ ಔಷಧ ನೀಡುವ ತಾಣವೆಂದೂ ವರ್ಣಿಸುತ್ತದೆ. ಪಾವಿಟ್ಟಗೆಯಿಂದ ಬಳ್ಳಿಗಾವೆಗೆ ಬರುವ ಹೊತ್ತಿಗೆ ಸಂಸ್ಥೆಯ ಕಲ್ಪನೆಯೇ ಅಗಲವಾಗಿದೆ. ಈ ಬದಲಾವಣೆಯ ನಡುವಣ ಹಂತಗಳನ್ನು ತರ್ದವಾಡಿ ನಾಡಿನ ಶಾಸನಗಳಲ್ಲಿಯೇ ಹುಡುಕುವ ಕೆಲಸವು ಒಂದು ಪಿಎಚ್.ಡಿ. ಪ್ರಬಂಧಕ್ಕೆ ಧಾರಾಳವಾಗಿ ಸಾಕಾದೀತು.

5

ಈ ಕೆಲಸಕ್ಕೆ ಅವಸರವೂ ಇದೆ. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿಯ ಅಣೆಕಟ್ಟು ಗೊಳಸಂಗಿ ಕೊಲ್ಹಾರಗಳ ಸೀಮೆಯ ಭೂಗೋಲವನ್ನೇ ಬದಲಿಸಿತು. ಕೃಷ್ಣೆಯ ದಂಡೆಯ ಊರುಗಳು ಮುಳುಗಿ, ಜನ ಹೊಸ ನೆಲೆಗಳಿಗೆ ಹೋದರು. ದೇವರನ್ನು ಕೊಂಡೊಯ್ದು ಹೊಸ ಗುಡಿಯಲ್ಲಿ ಕೂರಿಸುವುದು ಸಹಜ. ಅಂಗಳದಲ್ಲಿ ಒರಗಿ ಬಿದ್ದ ಅಕ್ಷರದ ಕಲ್ಲನ್ನೂ ಹೊತ್ತೊಯ್ಯಬೇಕೆಂದು ಅನಿಸುವುದು ಅಪರೂಪ. ಕೂಡಲಸಂಗಮದ ಐಕ್ಯಸ್ಥಳಕ್ಕೆ ನಾರಾಯಣಪುರ ಜಲಾಶಯದ ಹಿನ್ನೀರು ತಾಗದಂತೆ ಬಾವಿಯಾಕಾರದ ಗೋಡೆಯನ್ನೆತ್ತಿ ಉಳಿಸಿಕೊಂಡೆವು. ಹೆಸರಿಲ್ಲದ ಗುಡಿಯ ಕಲ್ಲಿಗೆ ಅಂಥ ಗೋಡೆ ಏಳುವುದಿಲ್ಲ. ನೀರಿಗೆ ಸಿಲುಕದ ಊರುಗಳಲ್ಲಿ ಜೀರ್ಣೋದ್ಧಾರವೇ ಅಪಾಯ: ಭಕ್ತಿಯಿಂದಲೇ ಬಳಿದ ಎಣ್ಣೆಬಣ್ಣ, ಶಾಸನದ ಮುಖವನ್ನು ಒಳಗೆ ಮಾಡಿ ಕಟ್ಟಿದ ಗೋಡೆ, ಹಂಚುಕಲ್ಲಿನ ಅಡಿಗೆ ಹೋದ ನೆಲಗಲ್ಲು. ಗುಡಿಯ ರಹಸ್ಯವನ್ನು ಕುರಿತು ಉಪನ್ಯಾಸ ಏರ್ಪಡಿಸುವ ಉತ್ಸಾಹದ ಒಂದಂಶವನ್ನು ಅದೇ ಗುಡಿಯ ಕಲ್ಲಿನ ಪಡಿಯಚ್ಚು ತೆಗೆಯಲು ವ್ಯಯಿಸಿದರೂ ಆಗುವ ಲಾಭ ದೊಡ್ಡದು. ಪಡಿಯಚ್ಚಿಗೆ ಬೇಕಾಗುವುದು ಒದ್ದೆ ಕಾಗದ, ಕುಂಚ, ಮಸಿ, ಒಂದು ಪೂರ್ವಾಹ್ನ. ಹಳಗನ್ನಡವನ್ನು ಓದುತ್ತಿರುವ ಪದವಿ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನಲ್ಲಿಯೇ ಈ ಕೆಲಸವನ್ನು ಕಲಿಯಬಹುದು. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ಕುಳಿತು ಮನೆಮನೆಯ ತಾಡೋಲೆಗಳನ್ನು ಕೂಡಿಸಿದ್ದು ಇದಕ್ಕಿಂತ ಕಡಿಮೆ ಅನುಕೂಲಗಳಲ್ಲಿ.

ಕೊನೆಯದಾಗಿ ದೀಪದ 12 ನಿವರ್ತನದ ಬಗ್ಗೆ ಒಂದು ಮಾತು. ಇದು ದೇವರ ಮುಂದಿನ ನಂದಾದೀಪಕ್ಕೋ, ವಿದ್ಯಾರ್ಥಿಗಳ ಓದಿನ ಬೆಳಕಿಗೋ? ಅಳ್ತೇಕರರಂತೆ ಶಿಕ್ಷಣದ ದೃಷ್ಟಿಯಿಂದ ಓದಿದವರು ಎರಡನೆಯದರತ್ತ ಒಲಿದಿದ್ದಾರೆ. ದೇವಾಲಯ ದಾನಗಳ ಸಾಮಾನ್ಯ ಪದ್ಧತಿಯನ್ನು ಬಲ್ಲವರಿಗೆ ಮೊದಲನೆಯದು ಸಹಜವೆನ್ನಿಸುತ್ತದೆ. ತ್ರೈಪುರುಷರು ಶಾಲೆಯಲ್ಲಿಯೇ ನೆಲೆಗೊಂಡಿದ್ದ ಪಾವಿಟ್ಟಗೆಯಲ್ಲಿ ಈ ಎರಡನ್ನು ಬೇರ್ಪಡಿಸಿ ಕೇಳುವುದೇ ನಮ್ಮ ಕಾಲದ ಪ್ರಶ್ನೆಯಾಗಿರಬಹುದು. ದೇವರಿಗೆಂದು ಹಚ್ಚಿದ ದೀಪದ ಬುಡದಲ್ಲಿಯೇ ಓಲೆಯನ್ನು ಬಿಚ್ಚಿದ್ದರೆ ಎಣ್ಣೆ ಹೆಚ್ಚೇನೂ ಖರ್ಚಾಗುತ್ತಿರಲಿಲ್ಲ.