ಮೊಣಕಾಲುದ್ದ ಸಮುದ್ರ

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಮಂದಿ ಸಮುದ್ರಕ್ಕೆ ಹೋಗುವುದು ಈಜಲಿಕ್ಕೆ ಅಲ್ಲ. ಹೊಳೆದಂಡೆಯ ಊರುಗಳ ಕೆಲವು ಗಂಡಸರನ್ನು ಬಿಟ್ಟರೆ ನಮ್ಮಲ್ಲಿ ಈಜು ಬರುವವರೇ ಕಡಿಮೆ. ನಮಗೆ ಬೇಕಾದದ್ದು ಇಷ್ಟೇ: ನೀರಲ್ಲಿ ಕೂಡಬೇಕು, ಅಲೆ ಬಂದಾಗ ಒಬ್ಬರನ್ನೊಬ್ಬರು ಹಿಡಿದು ಚೀರಬೇಕು, ದೇವರ ಹೆಸರು ಹೇಳಿ ಮೂರು ಸಲ ಮುಳುಗಿ ಏಳಬೇಕು, ಮಕ್ಕಳು ಉಸುಕಿನಲ್ಲಿ ಗುಡಿ ಕಟ್ಟಬೇಕು. ಇದಕ್ಕೆಲ್ಲ ಮೊಣಕಾಲುದ್ದ ನೀರು ಸಾಕು. ಆ ಮೊಣಕಾಲುದ್ದ ನೀರನ್ನು ಕಡಿಮೆ ರೊಕ್ಕದಲ್ಲಿ ಹುಡುಕುವುದೇ ಕಷ್ಟದ ಕೆಲಸ.

ನನ್ನ ತವರು ಆಳಂದ, ಗಂಡನ ಮನೆ ಅಫಜಲಪುರ, ತಂಗಿಯನ್ನು ಕೊಟ್ಟದ್ದು ಜೇವರ್ಗಿಗೆ. ಮೂರೂ ಮನೆಯವರು ಕೂಡಿ ಪ್ರವಾಸ ಹೊರಟಾಗಲೆಲ್ಲ ಜಾಗ ಗೊತ್ತುಮಾಡುವುದು, ಖರ್ಚು ಬರೆಯುವುದು ನನ್ನ ಪಾಲಿಗೆ ಬರುತ್ತದೆ. ಗುಂಪಿನಲ್ಲಿ ಮಂಡಿನೋವಿನ ಅತ್ತೆ ಇರುತ್ತಾರೆ. ಒಂದು ಗಳಿಗೆ ಒಂದೆಡೆ ಕೂಡದ ತಂಗಿಯ ಮಕ್ಕಳೂ ಇರುತ್ತಾರೆ. ‘ಆಳ ಇರದ, ಸಸ್ತಾ ಬೀಚ್ ಯಾವುದು?’ ಎಂದು ಕಂಡಕಂಡವರನ್ನು ಕೇಳುತ್ತಿದ್ದೆ. ಈಗ ಬೇರೆಯವರು ನನ್ನನ್ನು ಅದೇ ಪ್ರಶ್ನೆ ಕೇಳಿದರೆ, ಯಾವುದು ಎನ್ನುವ ಮೊದಲು ಯಾವಾಗ ಹೋಗುತ್ತೀರಿ ಹೇಳಿ ಎನ್ನುತ್ತೇನೆ.

ಹೊಳೆಯ ಬುದ್ಧಿ

ನಮ್ಮ ನೀರಿನ ಬುದ್ಧಿಯೆಲ್ಲ ಭೀಮೆಯಿಂದ ಬಂದದ್ದು. ಆಳಂದ ತಾಲೂಕಿನ ಕೊರಳ್ಳಿಯಲ್ಲಿ ಅಣೆಕಟ್ಟು ಇರುವ ಅಮರ್ಜಾ ಹೊಳೆ, ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದಲ್ಲಿ ಭೀಮೆಗೆ ಕೂಡುತ್ತದೆ. ಸಂಗಮದಲ್ಲಿ ಸ್ನಾನ ಮಾಡಿ, ಔದುಂಬರ ಗಿಡಕ್ಕೆ ಸುತ್ತು ಹಾಕಿ, ಊರೊಳಗೆ ನಿರ್ಗುಣ ಪಾದುಕೆಗಳ ದರ್ಶನಕ್ಕೆ ಹೋಗುವುದು ರೂಢಿ. ಘತ್ತರಗಿಯ ಭಾಗ್ಯವಂತಿಗೆ ಹೋದವರೂ ಮೊದಲು ಇಳಿಯುವುದು ಹೊಳೆಗೇ. ಅಲ್ಲಿ ಹಿರಿಯರ ಕಟ್ಟಳೆಗಳಿವೆ. ಮಡು ಇರುವ ಕಡೆ ಇಳಿಯಬೇಡ. ಕೋಲೂರಿ ನೋಡಿ ಹೆಜ್ಜೆ ಇಡು. ನಿನಗಿಂತ ಮುಂದೆ ಒಬ್ಬರು ನಿಂತಿರಲಿ, ಅವರನ್ನು ದಾಟಬೇಡ. ಸುಳಿ ತಿರುಗುವ ಕಡೆ ಕಣ್ಣೂ ಹಾಯಿಸಬೇಡ.

ಈ ಕಟ್ಟಳೆಗಳೆಲ್ಲ ಜಾಗದವು. ಇಂಥಲ್ಲಿ ಇಳಿ, ಇಂಥಲ್ಲಿ ಇಳಿಯಬೇಡ. ನನ್ನ ಮಾವನವರು ಹುಡುಗರಾಗಿದ್ದಾಗ ಇಳಿಯುತ್ತಿದ್ದ ಜಾಗದಲ್ಲೇ ಅವರ ಮಕ್ಕಳೂ ಇಳಿದರು. ಆದರೆ ಹೊಳೆ ಈಗ ಹಾಗಿಲ್ಲ. ಮೇಲೆ ಮಹಾರಾಷ್ಟ್ರದಲ್ಲಿ ಉಜನಿ ಅಣೆಕಟ್ಟು, ನಮ್ಮ ತಾಲೂಕಿಗೆ ಬಂದರೆ ಸೊನ್ನ ಬ್ಯಾರೇಜು. ಬೇಸಿಗೆಯಲ್ಲಿ ಪಾದ ಮುಳುಗದ ನೀರು, ಮೇಲೆ ಗೇಟು ಎತ್ತಿದರೆ ಇಲ್ಲಿ ಮಳೆಯ ಹನಿಯಿಲ್ಲದೆ ಏರುತ್ತದೆ. 2020ರ ಅಕ್ಟೋಬರ್‌ನಲ್ಲಿ ಅದೇ ಭೀಮೆ ದಂಡೆಯ ಊರುಗಳೊಳಗೇ ನುಗ್ಗಿತ್ತು. ಇನ್ನು ಉಸುಕು ಎತ್ತಿದ ಕಡೆ ಬಿದ್ದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ. ಮೊಣಕಾಲ ನೀರಲ್ಲಿ ನಿಂತವನ ಮುಂದಿನ ಹೆಜ್ಜೆ ಕುತ್ತಿಗೆ ಮಟ್ಟಕ್ಕೆ ಹೋಗಬಹುದು.

ಹೀಗೆ ಹೊಳೆಯಲ್ಲೇ ಜಾಗದ ಲೆಕ್ಕ ತಪ್ಪತೊಡಗಿತ್ತು. ಸಮುದ್ರದಲ್ಲಂತೂ ಅದು ದಿನಕ್ಕೆ ಎರಡು ಸಲ ತಪ್ಪುತ್ತದೆ.

ಪಂಚಾಂಗ ನೋಡಿ ಹೊರಡುವುದು

ಗೋಕರ್ಣಕ್ಕೆ ಸಂಜೆ ಮುಟ್ಟಿದ ದಿನ ನೀರು ದೂರ ಇತ್ತು. ಅಗಲವಾದ ಉಸುಕಿನ ಬಯಲು, ಆಚೆಗೆ ಸಣ್ಣ ಅಲೆ. ಬೆಳಿಗ್ಗೆ ಎದ್ದು ಅದೇ ಜಾಗಕ್ಕೆ ಹೋದರೆ ಮಕ್ಕಳು ಕಟ್ಟಿದ ಗುಡಿಯೂ ಇಲ್ಲ, ಬಯಲೂ ಇಲ್ಲ. ‘ನಿನ್ನಿ ಅಲ್ಲಿತ್ತು, ರಾತ್ರೋರಾತ್ರಿ ಇಲ್ಲಿ ಬಂದದಲ್ಲವ್ವಾ!’ ಎಂದು ಅತ್ತೆ ಸೆರಗು ಬಾಯಿಗೆ ಹಿಡಿದರು. ಮೀನಿನ ಬುಟ್ಟಿ ಹೊತ್ತು ಹೊರಟಿದ್ದ ಹೆಂಗಸೊಬ್ಬಳು ನಕ್ಕು, ‘ಈಗ ಭರತ, ಇಳಿತ ಆದ ಮೇಲೆ ಬನ್ನಿ’ ಎಂದಳು. ಕರಾವಳಿಯ ಮಕ್ಕಳಿಗೂ ಗೊತ್ತಿರುವ ಈ ಸಂಗತಿ ಬಯಲುಸೀಮೆಯ ನಮಗೆ ಪಾಠವಾಯಿತು.

ನಮ್ಮ ಪಶ್ಚಿಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಆ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ದೊಡ್ಡದು. ಅಷ್ಟಮಿಯ ಸುಮಾರಿಗೆ ಸಣ್ಣದು. ನಮ್ಮವರು ತೀರ್ಥಸ್ನಾನಕ್ಕೆ ಹುಡುಕುವುದು ಅಮಾವಾಸ್ಯೆ, ಹುಣ್ಣಿಮೆಯನ್ನೇ. ಗಾಣಗಾಪುರಕ್ಕೆ ಅದು ಸರಿ. ಮುದುಕರು, ಮಕ್ಕಳನ್ನು ಕರೆದುಕೊಂಡು ಸಮುದ್ರಕ್ಕೆ ಹೋಗುವುದಾದರೆ ನಾನು ಈಗ ಅಷ್ಟಮಿಯ ಆಚೀಚೆಯ ದಿನ ನೋಡುತ್ತೇನೆ. ಅದಕ್ಕೆ ಮೊಬೈಲೂ ಬೇಡ, ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ಸಾಕು. ಅಂದಿನ ಭರತ ಇಳಿತದ ಗಂಟೆಯನ್ನು ಮಾತ್ರ ಅಲ್ಲಿನ ಮೀನುಗಾರರನ್ನೋ ಜೀವರಕ್ಷಕರನ್ನೋ ಕೇಳಬೇಕು.

ಇಳಿತ ಅಂದರೆ ಧೈರ್ಯವಾಗಿ ಮುಂದೆ ನಡೆಯಬಹುದು ಎಂದಲ್ಲ. ನೀರು ಇಳಿಯುತ್ತಿರುವಾಗ ಒಳಕ್ಕೆ ಎಳೆತ ಜೋರು. ನೀರು ಸರಿದಾಗ ಆಚೆ ಒಂದು ಉಸುಕಿನ ದಿಬ್ಬ ಏಳುತ್ತದೆ. ಅದು ನಡುಗಡ್ಡೆಯಂತೆ ಕಂಡು ಮಕ್ಕಳನ್ನು ಕರೆಯುತ್ತದೆ. ದಿಬ್ಬಕ್ಕೂ ದಂಡೆಗೂ ನಡುವೆ ತಗ್ಗು ಇರುತ್ತದೆ. ನೀರು ಮತ್ತೆ ಏರುವಾಗ ಮೊದಲು ತುಂಬುವುದು ಆ ತಗ್ಗೇ. ದಿಬ್ಬದ ಮೇಲೆ ಆಡುವವರಿಗೆ ಹಿಂದೆ ನೀರು ತುಂಬಿದ್ದು ತಿಳಿಯುವುದಿಲ್ಲ. ಇಳಿತ ಮುಗಿದು ನೀರು ನಿಧಾನ ಏರತೊಡಗುವ ಹೊತ್ತಿನಲ್ಲಿ, ದಂಡೆಗೆ ಅಂಟಿಕೊಂಡೇ ಕೂಡುವುದು ನಮ್ಮ ಪದ್ಧತಿ. ಮೊಣಕಾಲುದ್ದ ಅಂದರೆ ಗುಂಪಿನ ಅತಿ ಸಣ್ಣ ಮಗುವಿನ ಮೊಣಕಾಲು, ದೊಡ್ಡವರದಲ್ಲ.

ಉಸುಕು ಹೇಳುವ ಮಾತು

ನೀರಿಗಿಳಿಯುವ ಮೊದಲು ಉಸುಕನ್ನು ತುಳಿದು ನೋಡುವುದನ್ನು ಕಲಿತೆ. ಸಣ್ಣ ಉಸುಕು, ತುಳಿದರೆ ಗಟ್ಟಿ, ಸಪಾಟಾದ ದಂಡೆ ಇದ್ದರೆ ಆಳ ನಿಧಾನವಾಗಿ ಹೆಚ್ಚುತ್ತದೆ. ಅಲೆಗಳು ದೂರದಲ್ಲೇ ಸಾಲುಸಾಲಾಗಿ ಒಡೆದು ಕಾಲಿಗೆ ಬರುವಾಗ ನೊರೆ ಮಾತ್ರ ಉಳಿದಿರುತ್ತದೆ. ಉಸುಕು ದಪ್ಪ, ಕಾಲು ಹೂತುಹೋಗುತ್ತದೆ, ದಂಡೆ ಇಳಿಜಾರು ಎಂದಾದರೆ ಎರಡು ಹೆಜ್ಜೆಗೆ ಆಳ. ಅಂಥಲ್ಲಿ ಅಲೆ ಕಾಲಬುಡದಲ್ಲೇ ಒಡೆದು ಕೆಡವುತ್ತದೆ. ಕೂತು ಸ್ನಾನ ಮಾಡುವ ಮುದುಕರಿಗೆ ಇದು ನಿಂತವರಿಗಿಂತ ಹೆಚ್ಚು ಅಪಾಯ. ಹಿಂದಕ್ಕೆ ಹೋಗುವ ನೀರು ಕೆಳಗಿನ ಉಸುಕನ್ನೇ ಎಳೆದೊಯ್ಯುತ್ತದೆ.

ಇನ್ನೊಂದು ಮಾತು ನಮ್ಮ ಹೊಳೆಯ ಬುದ್ಧಿಗೆ ತಿರುವುಮುರುವು. ಹೊಳೆಯಲ್ಲಿ ಭೋರ್ಗರೆಯುವ ಕಡೆ ಬಿಟ್ಟು ಶಾಂತವಾಗಿರುವ ಕಡೆ ಇಳಿಯುತ್ತೇವೆ. ಸಮುದ್ರದಲ್ಲಿ ಎರಡೂ ಬದಿ ಅಲೆ ಒಡೆಯುತ್ತಿದ್ದು, ನಡುವೆ ಒಂದು ಪಟ್ಟಿ ಅಲೆಯಿಲ್ಲದೆ, ಬಣ್ಣ ಸ್ವಲ್ಪ ಕಪ್ಪಾಗಿ ಸುಮ್ಮನಿದ್ದರೆ ಅಲ್ಲಿಗೆ ಹೋಗಕೂಡದು. ದಂಡೆಗೆ ಬಂದು ಬಿದ್ದ ನೀರೆಲ್ಲ ವಾಪಸು ಹೋಗುವ ದಾರಿ ಅದು. ಅದರಲ್ಲಿ ಸಿಕ್ಕವರು ದಂಡೆಯ ಕಡೆಗೆ ಎದುರೀಜಿ ಸೋಲುತ್ತಾರೆ. ದಂಡೆಗೆ ಸಮಾನಾಂತರವಾಗಿ ಬದಿಗೆ ಸರಿದರೆ ಸೆಳೆತದಿಂದ ಹೊರಬೀಳಬಹುದು; ಆಗದಿದ್ದರೆ ತೇಲಿಕೊಂಡು ಕೈಯೆತ್ತಿ ಕೂಗಬೇಕು. ಈಜು ಬಾರದವರಿಗೆ ಇದ್ಯಾವುದೂ ಆ ಹೊತ್ತಿಗೆ ಒದಗುವುದಿಲ್ಲ. ಅದಕ್ಕೇ ಮೊದಲೇ ನೋಡಿಕೊಳ್ಳಬೇಕು.

2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅವರೂ ನಮ್ಮ ಹಾಗೆ ಸಮುದ್ರವಿಲ್ಲದ ಸೀಮೆಯ ಮಕ್ಕಳು. ಆ ಸುದ್ದಿ ಬಂದ ಮೇಲೆ ನಮ್ಮ ಗುಂಪಿನಲ್ಲಿ ಒಂದು ನಿಯಮ ಬಂತು: ಜೀವರಕ್ಷಕರಿಲ್ಲದ ಕಡೆ, ಇದ್ದರೂ ಅವರ ಸೀಟಿ ಕೇಳದಷ್ಟು ದೂರದಲ್ಲಿ, ಕಾಲೂ ತೊಯ್ಸುವುದಿಲ್ಲ. ಕೆಂಪು ಬಾವುಟ ಕಂಡರೆ ಅಂದು ಸಮುದ್ರದ ಕಡೆಗೆ ಕೈಮುಗಿದು ಚಹಾ ಕುಡಿದು ಬರುವುದು.

ಹೀಗೆ ನೋಡನೋಡುತ್ತ ನಮಗೆ ಹೊಂದಿದ ಜಾಗಗಳು ಎರಡು. ಒಂದು ಕಾರವಾರ. ಎದುರಿಗೆ ದ್ವೀಪಗಳು ಅಡ್ಡ ನಿಂತ ಕೊಲ್ಲಿ ಅದು, ಅಲೆಯ ಜೋರು ಅಲ್ಲಿ ಕಡಿಮೆ; ಊರಿಗೆ ಅಂಟಿಕೊಂಡೇ ಇರುವ ರವೀಂದ್ರನಾಥ ಟ್ಯಾಗೋರ್ ಕಡಲತೀರಕ್ಕೆ ಆಟೊ ಬೇಕೆಂದೇನಿಲ್ಲ. ಉತ್ತರದ ತುದಿಯಲ್ಲಿ ಕಾಳಿ ನದಿ ಸಮುದ್ರ ಸೇರುವ ಕಡೆಗೆ ಮಾತ್ರ ಹೋಗಬಾರದು. ಅಳಿವೆಯ ಸೆಳೆತ ಯಾವ ಊರಿನಲ್ಲೂ ನಂಬಲು ಯೋಗ್ಯವಲ್ಲ. ಇನ್ನೊಂದು ಹೊನ್ನಾವರದ ಹತ್ತಿರದ ಕಾಸರಕೋಡು. ಪಡುಬಿದ್ರಿಯ ಜೊತೆಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದ ತೀರ ಇದು. ಸ್ನಾನಕ್ಕೆಂದೇ ಗುರುತು ಮಾಡಿದ ಜಾಗ, ಜೀವರಕ್ಷಕರು, ಬಟ್ಟೆ ಬದಲಿಸುವ ಕೋಣೆ, ಸಿಹಿನೀರಿನ ಸ್ನಾನ ಇವೆಲ್ಲ ಇಲ್ಲಿ ಸಿಗುತ್ತವೆ. ಹೆಂಗಸರಿಗೆ ಇದರ ಬೆಲೆ ಗೊತ್ತು. ತೊಯ್ದ ಸೀರೆ ನೀರಲ್ಲಿ ಕಾಲು ಕಟ್ಟುತ್ತದೆ, ದಂಡೆಯಲ್ಲಿ ಮಾನ ಕಾಡುತ್ತದೆ. ಬಟ್ಟೆ ಬದಲಿಸಲು ಕೋಣೆ ಇದೆ ಎಂದಾದರೆ ಅತ್ತೆಯೂ ಚೂಡಿದಾರ ಹಾಕಿಕೊಂಡು ನೀರಿಗಿಳಿಯಲು ಒಪ್ಪುತ್ತಾರೆ.

ಥಾಯ್ಲೆಂಡಿನಿಂದ ಬಂದ ಫೋನು

ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ನನ್ನ ಅಣ್ಣನ ಮಗ ಗೆಳೆಯರ ಜೊತೆ ಥಾಯ್ಲೆಂಡಿನ ಕೊ ಫಾಂಗನ್ ದ್ವೀಪಕ್ಕೆ ಹೋಗಿದ್ದ. ರೊಕ್ಕ ಉಳಿಸಲು ದಕ್ಷಿಣ ದಂಡೆಯ ಬಾನ್ ತಾಯ್ ಕಡೆ ರೂಮು ಹಿಡಿದಿದ್ದರು. ಫೋನಿನಲ್ಲಿ ಗೋಳು: ‘ಅತ್ತಿ, ನೀರು ಹುಡುಕ್ಕೋತ ನಡದೇ ನಡದೆ, ಮೊಣಕಾಲ ಮ್ಯಾಲೆ ಬರಲೇ ಇಲ್ಲ!’ ನನಗೆ ನಗು ಬಂತು. ಅವನಿಗೆ ಗೋಳಾದದ್ದು ನಮಗೆ ಬೇಕಾದದ್ದೇ. ಆ ದಂಡೆಯಲ್ಲಿ ವಸತಿ ಅಗ್ಗವಾಗಿರುವುದಕ್ಕೆ ಒಂದು ಕಾರಣವೂ ಅದೇ: ಇಳಿತದಲ್ಲಿ ನೀರು ಬಹಳ ದೂರ ಸರಿಯುತ್ತದೆ, ಈಜುವವರಿಗೆ ಆ ಜಾಗ ಒಗ್ಗುವುದಿಲ್ಲ. ಈಜುಗಾರರು ಬಿಟ್ಟುಕೊಟ್ಟ ನೀರು ಮಕ್ಕಳಿಗೆ, ಮುದುಕರಿಗೆ ಸಿಗುತ್ತದೆ, ಅದೂ ಕಡಿಮೆ ಬಾಡಿಗೆಗೆ.

ಅಲ್ಲಿಯೂ ಕಾಲದ ಲೆಕ್ಕ ಬಿಡುವುದಿಲ್ಲ. ಫುಕೆಟ್, ಕೊ ಲಂತಾ ಇರುವ ಅಂಡಮಾನ್ ಸಮುದ್ರದ ಬದಿಗೆ ನಮ್ಮ ಹಾಗೆಯೇ ನೈಋತ್ಯ ಮಾರುತದ ಮಳೆ, ಮೇ ತಿಂಗಳಿಂದ ಅಕ್ಟೋಬರ್ ತನಕ. ಕೊ ಫಾಂಗನ್, ಕೊ ಸಮುಯಿ ಇರುವ ಥಾಯ್ ಕೊಲ್ಲಿಯ ಬದಿಗೆ ಜೋರು ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಒಂದೇ ದೇಶದ ಎರಡು ದಂಡೆಗೆ ಎರಡು ಹಂಗಾಮು. ಜಾಹೀರಾತಿನಲ್ಲಿ ಅರ್ಧ ದರ ಎಂದು ಬಂದರೆ ಯಾವ ದಂಡೆ, ಯಾವ ತಿಂಗಳು ಎಂದು ಮೊದಲು ಕೇಳಬೇಕು.

ರೊಕ್ಕ ಎಲ್ಲಿ ಉಳಿಸಬೇಕು

ನಮ್ಮ ಕರಾವಳಿಯಲ್ಲಿ ರೂಮು ಸಸ್ತಾ ಆಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಸಮುದ್ರ ಕೆರಳುವುದೂ ಆಗಲೇ. ಆ ಅಗ್ಗ ನಮಗೆ ಬೇಡ. ಡಿಸೆಂಬರ್ ಕೊನೆಯ ವಾರ, ಹೊಸ ವರ್ಷದ ದಿನಗಳಲ್ಲಿ ಸಮುದ್ರ ಸರಿ, ಬಾಡಿಗೆ ಸರಿಯಲ್ಲ. ಗೋಕರ್ಣಕ್ಕೆ ಶಿವರಾತ್ರಿಯ ಆಸುಪಾಸಿನಲ್ಲಿ ಕಾಲಿಡಲೂ ಜಾಗವಿಲ್ಲ. ಉಳಿಯುವುದು ಸಂಕ್ರಾಂತಿ ಮುಗಿದ ಮೇಲೆ, ಶಿವರಾತ್ರಿಗೆ ಮುಂಚಿನ ವಾರಗಳು. ನಮಗೆ ಇದು ಹೇಳಿ ಮಾಡಿಸಿದ ಕಾಲ. ಆ ಹೊತ್ತಿಗೆ ತೊಗರಿ ರಾಶಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಬಂದಿರುತ್ತದೆ, ಹೊಲದಲ್ಲಿ ತುರ್ತು ಕೆಲಸ ಇರುವುದಿಲ್ಲ. ಶನಿವಾರ, ಭಾನುವಾರ ಬಿಟ್ಟು ವಾರದ ನಡುವೆ ಹೋದರೆ ಬಾಡಿಗೆಯಲ್ಲಿ ಚೌಕಾಸಿಗೂ ಬಾಯಿ ಬರುತ್ತದೆ.

ದಾರಿ ಖರ್ಚಿಗೆ ಶಕ್ತಿ ಯೋಜನೆ ಆಸರೆ. 2023ರ ಜೂನ್ 11ರಿಂದ ರಾಜ್ಯದೊಳಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದರ ಇಲ್ಲ. ವಿಜಯಪುರ, ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸುತ್ತ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದರೆ ಅಂಕೋಲಾ. ಗಂಡಸರು ಟಿಕೆಟ್ ತೆಗೆಸುತ್ತಾರೆ, ಹೆಂಗಸರು ಆಧಾರ್ ತೋರಿಸುತ್ತಾರೆ. ಮಂಡಿನೋವಿನವರು ಜೊತೆಗಿದ್ದಾಗ ಮಾತ್ರ ಕ್ರೂಸರ್ ಮಾತಾಡುವುದು. ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ದಿನಕ್ಕೆ ಒಂದು ಹೊತ್ತು ಹೋಟೆಲ್ ಸಾಕು. ರೂಮಿನ ಕಿಟಕಿಯಿಂದ ಸಮುದ್ರ ಕಾಣಬೇಕೆಂಬ ಹಟ ಬಿಟ್ಟರೆ ಬಸ್‌ನಿಲ್ದಾಣದ ಹಿಂದಿನ ಓಣಿಯಲ್ಲಿ ಅಷ್ಟೇ ಚೊಕ್ಕ ರೂಮು ಇನ್ನೂ ಕಡಿಮೆಗೆ ಸಿಗುತ್ತದೆ.

ಹೀಗೆ ಉಳಿಸಿದ ರೊಕ್ಕವನ್ನು ನಾನು ಒಂದೇ ಕಡೆ ಹಾಕುತ್ತೇನೆ: ಇನ್ನೊಂದು ರಾತ್ರಿಯ ಬಾಡಿಗೆಗೆ. ನಮ್ಮ ಕಡೆಯ ಸಸ್ತಾ ಪ್ರವಾಸಗಳ ಪದ್ಧತಿ ಏನೆಂದರೆ ರಾತ್ರಿಯಿಡೀ ಪ್ರಯಾಣ, ಬೆಳಿಗ್ಗೆ ದೇವರು, ಮಧ್ಯಾಹ್ನ ಸಮುದ್ರ, ಸಂಜೆಗೆ ಮತ್ತೆ ಗಾಡಿ. ಐನೂರು ಕಿಲೋಮೀಟರ್ ಹತ್ತಿರ ಬಂದವರಿಗೆ ಇರುವುದು ಎರಡೇ ತಾಸು. ಆ ಎರಡು ತಾಸಿನಲ್ಲಿ ಭರತವೋ ಇಳಿತವೋ, ಬಾವುಟ ಕೆಂಪೋ ಹಸಿರೋ, ಯಾರೂ ನೋಡುವುದಿಲ್ಲ. ಇಷ್ಟು ದೂರ ಬಂದು ನೀರು ಮುಟ್ಟದೆ ಹೋಗುವುದೇ ಎಂದು ಎಲ್ಲರೂ ಇಳಿಯುತ್ತಾರೆ. ಒಂದು ರಾತ್ರಿ ಹೆಚ್ಚಿಗೆ ಇದ್ದರೆ ‘ಈಗ ಬೇಡ, ನಾಳೆ ಇಳಿಯೋಣ’ ಎನ್ನಲು ಬರುತ್ತದೆ. ಅದಕ್ಕೇ ನನ್ನ ಖರ್ಚಿನ ಚೀಟಿಯಲ್ಲಿ ರೊಟ್ಟಿ ಬುತ್ತಿಗಿಂತ, ಬಸ್ಸಿಗಿಂತ ಮೊದಲು ಬರೆಯುವುದು ಎರಡನೇ ರಾತ್ರಿಯ ಬಾಡಿಗೆಯನ್ನು. ಅಷ್ಟು ಕೂಡಿಬರದ ವರ್ಷ ಸಮುದ್ರದ ಮಾತು ಬಿಟ್ಟು, ಹೊಳೆಗೆ ಮೇಲಿನಿಂದ ನೀರು ಬಿಟ್ಟಿಲ್ಲ ಎಂದು ವಿಚಾರಿಸಿಕೊಂಡು, ಗಾಣಗಾಪುರಕ್ಕೆ ಹೋಗಿ ಬರುತ್ತೇವೆ.